ಗುಲಾಬಿ ಚೌಕವಾದದ್ದು ಹೇಗೆ?

ಪ್ರಶ್ನೆ: ನಾವು ಮೂರು ವರ್ಷದಿಂದ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದೇವೆ. ಹೋದ ತಿಂಗಳು ಹಳೆ ಸಾಮಾನಿನ ಸಂತೆಯಲ್ಲಿ ಒಂದು ಸೆಟ್ ಪರದೆ ಕೊಂಡೆ. ಎರಡು ಉದ್ದದ ತುಂಡು, ಮೇಲೆ ಅಡ್ಡ ಹಾಕುವ ಗಿಡ್ಡ ತುಂಡು ಒಂದು. ಕೆನೆ ಬಣ್ಣ, ಬಲೆಯಂಥ ಬಟ್ಟೆ, ಅಂಚಿನಲ್ಲಿ ಚೌಕ ಚೌಕವಾದ ಗುಲಾಬಿಗಳು. ಮಾರಿದ ಅಜ್ಜಿ ಇದು ‘ಕ್ಯೂನ್ಸ್ಟ್ಲರ್‌ಗಾರ್ಡಿನೆ’, ಅಂದರೆ ಕಲಾವಿದರ ಪರದೆ, 1910ರದ್ದು ಅಂದರು. ಇದು ಕೈಯಲ್ಲಿ ಮಾಡಿದ್ದಾ, ಯಂತ್ರದ್ದಾ? ಯಂತ್ರದ್ದಾದರೆ ಕಲಾವಿದರ ಹೆಸರು ಯಾಕೆ? ಆಧುನಿಕ ಜರ್ಮನ್ ವಿನ್ಯಾಸ ಅಂದರೆ ಅಲಂಕಾರವನ್ನೆಲ್ಲ ಕಿತ್ತೆಸೆದದ್ದು ಅಂತ ಓದಿದ್ದೆ. ಹಾಗಾದರೆ ಈ ಗುಲಾಬಿ ಎಲ್ಲಿಂದ ಬಂತು? ಕೊನೆಗೊಂದು ಮಾತು, ಇದನ್ನು ಒಗೆಯಬಹುದಾ?

ಉತ್ತರ: ನಿರಾಸೆಯ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಯಂತ್ರದ್ದೇ. ಆದರೆ ಗುಲಾಬಿ ಯಾಕೆ ಚೌಕವಾಯಿತು ಅನ್ನುವುದಕ್ಕೂ ಆ ಯಂತ್ರವೇ ಉತ್ತರ. ಹಾಗಾಗಿ ತುಸು ತಾಳ್ಮೆಯಿಂದ ಓದಿ.

ನೀವು ಕಳಿಸಿದ ಮೂರು ಫೋಟೊಗಳಲ್ಲಿ ಕೊನೆಯದು, ಕಿಟಕಿಯ ಬೆಳಕಿಗೆ ಹಿಡಿದು ಹತ್ತಿರದಿಂದ ತೆಗೆದದ್ದು, ತುಂಬಾ ಕೆಲಸಕ್ಕೆ ಬಂತು. ಕೈಯಲ್ಲಿ ಇಂಥ ಚೌಕದ ಬಲೆ ಮಾಡುವವರು ಮೀನಿನ ಬಲೆಯ ಹಾಗೇ ಹೆಣೆಯುತ್ತಾರೆ. ಪ್ರತಿ ಕಣ್ಣಿನ ಮೂಲೆಮೂಲೆಗೂ ಒಂದು ಗಂಟು. ಆಮೇಲೆ ಸೂಜಿ ಹಿಡಿದು ಕೆಲವು ಕಣ್ಣುಗಳನ್ನು ದಾರದಿಂದ ತುಂಬಿ ಹೂ ಮೂಡಿಸುತ್ತಾರೆ. ಇದಕ್ಕೆ ಫಿಲೆ ಲೇಸು ಅಂತ ಹೆಸರು. ನಿಮ್ಮ ಪರದೆಯಲ್ಲಿ ಗಂಟೇ ಇಲ್ಲ. ಒಂದು ಸಾಲು ದಾರ ಮೇಲಿಂದ ಕೆಳಗೆ ನೆಟ್ಟಗೆ ಓಡಿದೆ. ಅದರ ನಡುವೆ ಇನ್ನೊಂದು ದಾರ ಹಾವಿನ ಹಾಗೆ ಅತ್ತಿತ್ತ ಹೊರಳುತ್ತಾ ಇಳಿದಿದೆ. ಹೂವಿನ ಜಾಗದಲ್ಲಿ ಹೊರಳಾಟ ಜಾಸ್ತಿ, ಖಾಲಿ ಜಾಗದಲ್ಲಿ ಕಮ್ಮಿ. ಇವೆರಡನ್ನೂ ಮೂರನೆಯದೊಂದು ಸಣ್ಣ ದಾರ ಸುತ್ತಿ ಬಿಗಿಹಿಡಿದಿದೆ. ಇದು ಲೇಸು ಪರದೆ ಯಂತ್ರದ ಕೈಬರಹ. ನಾನೂ ಮೊದಲ ಸಲ ನೋಡಿದಾಗ ಕೈಕೆಲಸ ಅಂತಲೇ ನಂಬಿದ್ದೆ. ಒಮ್ಮೆ ಗುರುತು ಸಿಕ್ಕಿದ ಮೇಲೆ ಮತ್ತೆ ಮೋಸ ಹೋಗಲಿಲ್ಲ.

ನಮ್ಮ ಮಗ್ಗದಲ್ಲಿ ಹಾಸು, ಹೊಕ್ಕು ಎರಡೇ ಅಲ್ವಾ? ಈ ಯಂತ್ರದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುವ ಹೊಕ್ಕೇ ಇಲ್ಲ. ಹೂ ಮೂಡಿಸುವ ದಾರ ತನ್ನ ಪಕ್ಕದ ಒಂದೋ ಎರಡೋ ಹಾಸಿನ ದಾರವನ್ನು ಮುಟ್ಟಿ ವಾಪಸ್ ಬರುತ್ತದೆ. ಯಾವ ಸಾಲಿನಲ್ಲಿ ಎಷ್ಟು ದೂರ ಸರಿಯಬೇಕು ಅಂತ ಹೇಳುವುದು ಜಕಾರ್ಡ್, ಅಂದರೆ ತೂತು ಹೊಡೆದ ರಟ್ಟಿನ ಕಾರ್ಡುಗಳು. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1808ರ ಸುಮಾರಿಗೆ ಬಲೆ ನೇಯುವ ಯಂತ್ರ ಮಾಡಿದ್ದ. ಅದೇ ಜಾತಿಯ ಯಂತ್ರಕ್ಕೆ ಜಕಾರ್ಡ್ ಸೇರಿಸಿ ನಾಟಿಂಗ್‌ಹ್ಯಾಮ್‌ನ ಜಾನ್ ಲೈವ್ಸೀ 1846ರಲ್ಲಿ ಪರದೆ ಯಂತ್ರ ಕಟ್ಟಿದ. ಜರ್ಮನಿಯಲ್ಲಿ ಇಂಥ ಪರದೆಗೆ ಬಹಳ ಕಾಲ ‘ಇಂಗ್ಲಿಷ್ ಪರದೆ’ ಅಂತಲೇ ಹೆಸರು. ಆಮೇಲೆ ಅವರೇ ನೇಯಲು ಕಲಿತರು. ನೀವಿರುವ ಸ್ಯಾಕ್ಸನಿಯಲ್ಲೇ, ನೈರುತ್ಯ ಮೂಲೆಯ ಫೋಗ್ಟ್‌ಲಾಂಡ್ ಅನ್ನುವ ಬೆಟ್ಟದ ಸೀಮೆಯಲ್ಲಿ ಫಾಲ್ಕೆನ್‌ಸ್ಟೈನ್, ಔವರ್‌ಬಾಖ್ ಎಂಬ ಊರುಗಳು ಪರದೆಗೆ ಹೆಸರಾದವು. ಅಲ್ಲೇ ಹತ್ತಿರದ ಪ್ಲಾವೆನ್ ಲೇಸಿಗೆ.

ಈಗ ಗುಲಾಬಿಯ ವಿಷಯಕ್ಕೆ ಬರೋಣ. ಯಂತ್ರಕ್ಕೆ ಕೊಡುವ ಮೊದಲು ಚಿತ್ರವನ್ನು ಚೌಕುಳಿ ಹಾಳೆಗೆ ಇಳಿಸಬೇಕು. ಯಾವ ಚೌಕ ತುಂಬಬೇಕು, ಯಾವುದು ಖಾಲಿ ಬಿಡಬೇಕು ಅಂತ ಬಣ್ಣದಲ್ಲಿ ಗುರುತು ಹಾಕುತ್ತಾರೆ. ಅದನ್ನು ನೋಡಿ ಕಾರ್ಡಿಗೆ ತೂತು ಹೊಡೆಯುತ್ತಾರೆ. ಚೌಕುಳಿ ಹಾಳೆಯಲ್ಲಿ ವೃತ್ತ ಬರೆಯಲು ನೋಡಿ, ಮೆಟ್ಟಿಲಾಗುತ್ತದೆ. ಯಂತ್ರದ ಸ್ವಭಾವವೇ ಅದು. 19ನೇ ಶತಮಾನದ ನಕ್ಷೆಗಾರರು ಈ ಮೆಟ್ಟಿಲನ್ನು ಮುಚ್ಚಿಡಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಣ್ಣನ್ನು ಆದಷ್ಟೂ ಚಿಕ್ಕದು ಮಾಡಿದರು. ನೆರಳು ಬೆಳಕು ಹಾಕಿದರು. ಜರೀಗಿಡದ ಎಲೆ, ಹಂಸ, ರೆಕ್ಕೆಯ ಮಗು, ಬಳ್ಳಿ ಸುತ್ತಿದ ಹೂಕುಂಡ, ಏನು ಬೇಕಾದರೂ ಮಾಡಿ ತೋರಿಸಿದರು. ಒಂದೇ ಗುರಿ: ನೋಡಿದವರು ಬ್ರಸೆಲ್ಸ್‌ನ ಕೈಲೇಸು ಅಂದುಕೊಳ್ಳಬೇಕು. ಕುಶಲತೆ ಮೆಚ್ಚಬೇಕಾದದ್ದೇ. ಆದರೆ ಹತ್ತಿರ ಹೋದರೆ ಏನೋ ಸುಳ್ಳು ಹೇಳುತ್ತಿದ್ದಾರೆ ಅನಿಸುತ್ತದೆ.

ನಿಮ್ಮ ಪರದೆ ಮಾಡಿದವರು ಉಲ್ಟಾ ದಾರಿ ಹಿಡಿದಿದ್ದಾರೆ. ಕಣ್ಣು ದೊಡ್ಡದು ಮಾಡಿದ್ದಾರೆ. ಮೆಟ್ಟಿಲನ್ನು ಮುಚ್ಚಿಟ್ಟಿಲ್ಲ, ಅದನ್ನೇ ಚಿತ್ರವಾಗಿ ಇಟ್ಟುಕೊಂಡಿದ್ದಾರೆ. ಗುಲಾಬಿ ಅಂದರೆ ಒಂದರೊಳಗೊಂದು ಮೂರು ಚೌಕ, ಕೆಳಗೆ ನೆಟ್ಟಗೆ ಒಂದು ಕಾಂಡ, ಅಷ್ಟೇ. ಈ ಗುಲಾಬಿಯ ತವರು ಗ್ಲಾಸ್ಗೊ. ಅಲ್ಲಿನ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಮತ್ತು ಅವರ ಬಳಗ ಗುಲಾಬಿಯನ್ನು ಕೆಲವೇ ಗೆರೆಗಳಿಗೆ ಇಳಿಸಿದ್ದರು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಪ್ರಕಾಶಕ ಅಲೆಕ್ಸಾಂಡರ್ ಕೋಖ್ 1901ರಲ್ಲಿ ‘ಕಲಾಪ್ರೇಮಿಯ ಮನೆ’ಗೆ ನಕ್ಷೆ ಕೇಳಿ ಒಂದು ಸ್ಪರ್ಧೆ ನಡೆಸಿದ. ಅದಕ್ಕೆ ಮ್ಯಾಕಿಂಟಾಷ್ ಕಳಿಸಿದ ಚಿತ್ರಗಳು ಅಚ್ಚಾದವು. ಇನ್ನೊಂದು ಕಡೆ ವಿಯೆನ್ನಾದಲ್ಲಿ ಯೋಸೆಫ್ ಹಾಫ್‌ಮನ್ ಅನ್ನುವ ವಾಸ್ತುಶಿಲ್ಪಿ ಕಂಡಕಂಡಲ್ಲೆಲ್ಲ ಚೌಕ ಹಾಕುತ್ತಿದ್ದ. ಈ ಎರಡೂ ಗಾಳಿ ಜರ್ಮನಿಗೆ ಬೀಸಿದಾಗ ಪರದೆ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಾಯಿತು. ಯಂತ್ರದ ದೌರ್ಬಲ್ಯ ಅಂದುಕೊಂಡಿದ್ದೇ ಫ್ಯಾಷನ್ ಆಯಿತು ನೋಡಿ!

ಆದರೆ ಇದು ಬರೀ ಫ್ಯಾಷನ್ ಅಲ್ಲ, ಹಿಂದೆ ಒಂದು ದೊಡ್ಡ ಜಗಳವೇ ಇತ್ತು. 1880ರ ದಶಕದ ಅನುಕೂಲಸ್ಥರ ಮನೆಯ ಕಿಟಕಿಯನ್ನು ಕಲ್ಪಿಸಿಕೊಳ್ಳಿ. ಗಾಜಿಗೆ ಅಂಟಿದ ಹಾಗೆ ಒಂದು ತೆಳು ಪರದೆ. ಅದರ ಮೇಲೆ ಲೇಸಿನದು. ಅದರ ಮೇಲೆ ದಪ್ಪ ಮಖಮಲ್ಲಿನದು, ಗೊಂಡೆ, ಕುಚ್ಚು, ಮಡಿಕೆ ಮಡಿಕೆಯ ತೋರಣ. ಒಳಗೆ ಹಗಲಲ್ಲೂ ಮಬ್ಬು, ಕೊಡವಿದರೆ ಧೂಳು. 1882ರಲ್ಲಿ ರಾಬರ್ಟ್ ಕಾಖ್ ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದ ಮೇಲೆ ಆ ಧೂಳು ಜನರಿಗೆ ಬೇರೆಯೇ ಥರ ಕಾಣತೊಡಗಿತು. ಗಾಳಿ ಬೆಳಕು ಬರಲಿ, ಸುಲಭವಾಗಿ ಒಗೆಯುವ ಬಟ್ಟೆ ಸಾಕು ಅನ್ನುವ ಮಾತು ಶುರುವಾಯಿತು. ಹೆರ್ಮಾನ್ ಮುಥೇಸಿಯುಸ್ ಅನ್ನುವ ವಾಸ್ತುಶಿಲ್ಪಿ 1896ರಿಂದ 1903ರವರೆಗೆ ಲಂಡನ್ನಿನ ಜರ್ಮನ್ ರಾಯಭಾರ ಕಚೇರಿಯಲ್ಲಿದ್ದು ಇಂಗ್ಲಿಷರ ಮನೆಗಳನ್ನು ಇಂಚಿಂಚೂ ನೋಡಿ ಬಂದಿದ್ದ. ಊರಿಗೆ ಬಂದವನು ನಮ್ಮ ಕಾರ್ಖಾನೆಗಳು ಕಸ ಮಾಡುತ್ತಿವೆ, ಹಳೆ ಕಾಲದ ಕೈಕೆಲಸವನ್ನು ಅಗ್ಗವಾಗಿ ನಕಲು ಹೊಡೆಯುತ್ತಿವೆ ಅಂತ ಬಾಯಿಬಿಟ್ಟು ಹೇಳಿದ. ತಯಾರಕರಿಗೆ ಸಿಟ್ಟು ಬಂತು. ಆ ಗಲಾಟೆಯ ನಡುವೆಯೇ 1907ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಲ್ಲಿ 12 ಕಲಾವಿದರು, 12 ಕಂಪನಿಗಳು ಸೇರಿ ಜರ್ಮನ್ ವೆರ್ಕ್‌ಬುಂಡ್ ಕಟ್ಟಿದರು. ಕಲಾವಿದ, ಕಾರ್ಖಾನೆ ಒಟ್ಟಿಗೆ ಕೂತು ಕೆಲಸ ಮಾಡಬೇಕು ಅನ್ನುವುದು ಅವರ ಪಟ್ಟು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನೀವು ಓದಿದ್ದರಲ್ಲೂ ಅದೇ ಇದ್ದಿರಬೇಕು. ಇವರಲ್ಲಿ ಹೆಚ್ಚಿನವರು ಅಲಂಕಾರವೇ ಬೇಡ ಅಂದವರಲ್ಲ. ಯಂತ್ರದಿಂದ ಮಾಡಿ ಕೈಯದ್ದು ಅಂತ ನಟಿಸಬೇಡಿ, ಅಂದರು. ಅವರಲ್ಲೊಬ್ಬ ರಿಖಾರ್ಡ್ ರೀಮರ್‌ಶ್ಮಿಡ್ 1906ರ ಡ್ರೆಸ್ಡೆನ್ ಪ್ರದರ್ಶನದಲ್ಲಿ ‘ಯಂತ್ರದ ಪೀಠೋಪಕರಣ’ ಅಂತಲೇ ಹೆಸರಿಟ್ಟು ಕುರ್ಚಿ, ಮೇಜು, ಬೀರು ತೋರಿಸಿದ. ಸ್ಕ್ರೂ ಕಣ್ಣಿಗೆ ಕಾಣುತ್ತಿತ್ತು. ಅದೇ ಮನುಷ್ಯ ಬಟ್ಟೆಗೆ ಎಲೆ, ಹೂ, ಚುಕ್ಕಿ ಅಂತ ನೂರಾರು ವಿನ್ಯಾಸ ಬರೆದ. ಅವನಿಗೆ ಇದರಲ್ಲಿ ವಿರೋಧವೇನೂ ಕಾಣಲಿಲ್ಲ. ನನಗೂ ಕಾಣುವುದಿಲ್ಲ.

ಈ ಮಾತಿಗೆ ನನ್ನ ಮೆಚ್ಚಿನ ಉದಾಹರಣೆ ಮ್ಯೂನಿಕ್‌ನ ಮಾರ್ಗರೇಟೆ ಫಾನ್ ಬ್ರೌಖಿಚ್ ಅನ್ನುವ ಕಲಾವಿದೆ. ಹುಟ್ಟಿದ್ದು 1865, ತೀರಿಕೊಂಡದ್ದು 1957. ಮ್ಯೂನಿಕ್‌ನ ಕಲಾವಿದರು 1898ರಲ್ಲಿ ಕಟ್ಟಿದ ‘ಒಕ್ಕೂಟ ಕಾರ್ಯಾಗಾರ’ದ ಸ್ಥಾಪಕರಲ್ಲಿ ಒಬ್ಬರು. ಆಗ ಅದೇ ಊರಿನಲ್ಲಿ ಎಲ್ಲರ ಬಾಯಲ್ಲಿದ್ದದ್ದು ಹೆರ್ಮಾನ್ ಓಬ್ರಿಸ್ಟ್ ಅನ್ನುವ ಕಲಾವಿದನ ಗೋಡೆ ಬಟ್ಟೆ. ಚಾಟಿ ಬೀಸಿದ ಹಾಗೆ ಬಳುಕುವ ಒಂದು ಹೂವಿನ ಬಳ್ಳಿ. ವಿನ್ಯಾಸ ಓಬ್ರಿಸ್ಟ್‌ನದು, ರೇಷ್ಮೆ ದಾರದಲ್ಲಿ ಕೈಯಿಂದ ಕಸೂತಿ ಹಾಕಿದ್ದು ಬರ್ಥೆ ರೂಶೆ ಅನ್ನುವ ಹೆಂಗಸು. ಅಂಥದ್ದು ಜಗತ್ತಿನಲ್ಲಿ ಒಂದೇ ಇರಲು ಸಾಧ್ಯ. ಬ್ರೌಖಿಚ್ ಯಂತ್ರಕಸೂತಿ ಹಿಡಿದರು. ಯಂತ್ರದ ಗೆರೆ ಎಲ್ಲ ಕಡೆ ಒಂದೇ ದಪ್ಪ, ಕೈಯ ಏರಿಳಿತ ಅದಕ್ಕಿಲ್ಲ. ಹಾಗಾಗಿ ಆ ಗೆರೆಗೆ ಹೊಂದುವಂತೆ ವೃತ್ತ, ಸುರುಳಿ, ಚೌಕ ಇಂಥವುಗಳನ್ನೇ ಮತ್ತೆ ಮತ್ತೆ ಜೋಡಿಸಿದರು. ದಿಂಬು, ಮೇಜಿನ ಬಟ್ಟೆ, ಪರದೆ ಎಲ್ಲ ಹೀಗೇ ಬಂದವು. ಮನೆಯಲ್ಲಿ ಹೆಂಗಸರ ಬೇಸರ ಕಳೆಯುವ ಕೆಲಸ ಅಂತ ಜನ ಎಣಿಸಿದ್ದ ಕಸೂತಿಯನ್ನು ಅವರು ಬರಿಯ ವಿನ್ಯಾಸವಾಗಿ ನೋಡಿದರು. ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು.

ಹಾಗಾದರೆ ನಿಮ್ಮ ಪರದೆಗೂ ಇಂಥ ಒಬ್ಬ ಕಲಾವಿದೆ ಇದ್ದಾರಾ? ಹೇಳುವುದು ಕಷ್ಟ. ಇಲ್ಲ ಅನ್ನುವ ಸಾಧ್ಯತೆಯೇ ಜಾಸ್ತಿ. ಮೊದಮೊದಲು ಹೆಸರಿದ್ದ ಕಲಾವಿದರು ನಿಜವಾಗಿಯೂ ಪರದೆಗಳಿಗೆ ವಿನ್ಯಾಸ ಮಾಡಿದರು. ಅದು ಚೆನ್ನಾಗಿ ಮಾರಾಟವಾಯಿತು. ಆಮೇಲೆ ಅಂಗಡಿಯವರು ಆ ಹೆಸರನ್ನೇ ಎಳೆದುಕೊಂಡರು. 1910, 1920ರ ದಶಕದ ಹೊತ್ತಿಗೆ ಅಂಗಡಿ ಕ್ಯಾಟಲಾಗಿನಲ್ಲಿ ‘ಕಲಾವಿದರ ಪರದೆ’ ಅಂದರೆ ಒಂದು ಮಾದರಿಯ ಹೆಸರು ಅಷ್ಟೇ: ಪಕ್ಕಕ್ಕೆ ಎರಡು, ಮೇಲೆ ಅಡ್ಡಕ್ಕೆ ಒಂದು, ನೆಟ್ಟಗೆ ಇಳಿಬೀಳುವ ಮೂರು ತುಂಡಿನ ಸೆಟ್. ಕಾರ್ಖಾನೆಯ ನಕ್ಷೆಗಾರರು ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಬರೆದದ್ದೇ ಹೆಚ್ಚು. ಅವುಗಳಲ್ಲಿ ಎಷ್ಟೋ ಸೆಟ್‌ಗಳು ತೀರಾ ಸಾಧಾರಣ, ಸುಳ್ಳು ಹೇಳುವುದಿಲ್ಲ. ನಿಮ್ಮದು ಆ ಸಾಲಿನದ್ದಲ್ಲ. ಯಾರೋ ಹೆಸರಿಲ್ಲದ ನಕ್ಷೆಗಾರನಿಗೆ ತನ್ನ ಯಂತ್ರ ಚೆನ್ನಾಗಿ ಗೊತ್ತಿತ್ತು. ಇನ್ನು 1910 ಅನ್ನುವ ಇಸವಿ: ಇಂಥ ಮಾದರಿಗಳನ್ನು ವರ್ಷಗಟ್ಟಲೆ ಮಾರುತ್ತಿದ್ದರು. ಹಾಗಾಗಿ 1905ರಿಂದ 1930ರ ನಡುವೆ ಅಂತಿಟ್ಟುಕೊಳ್ಳಿ. ಅಜ್ಜಿ ಹೇಳಿದ್ದು ತಪ್ಪೇನಲ್ಲ, ಸ್ವಲ್ಪ ಜಾಸ್ತಿ ಖಚಿತವಾಗಿ ಹೇಳಿದ್ದಾರೆ.

ಅಂದ ಹಾಗೆ ಆ ಕ್ಯಾಟಲಾಗುಗಳು ಸಿಕ್ಕಿದರೆ ಇನ್ನೊಂದು ಹೆಸರು ಹುಡುಕಿ: ‘ಮದ್ರಾಸ್’. ನಮ್ಮ ಮದ್ರಾಸೇ! ತೆಳ್ಳಗಿನ ಜಾಲರಿ ಬಟ್ಟೆಯ ಮೇಲೆ ಬೇರೆ ದಪ್ಪ ಹೊಕ್ಕಿನಿಂದ ಬಣ್ಣದ ಹೂ ತುಂಬಿ, ಹಿಂದೆ ಉಳಿದ ದಾರ ಕತ್ತರಿಸಿದ ಪರದೆಗೆ ಆ ಹೆಸರು. ಸ್ಕಾಟ್ಲೆಂಡಿನ ಮಗ್ಗಗಳಲ್ಲಿ ನೇಯುತ್ತಿದ್ದರು. ತೆಂಕಣ ಭಾರತದ ಮಸ್ಲಿನ್ ಬಟ್ಟೆಯ ನೆನಪಿಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡು ಬರ್ಲಿನ್ನಿನ ಅಂಗಡಿಯವರೆಗೂ ಹೋಗಿದೆ.

ಈಗ ಒಂದು ತಮಾಷೆಯ ವಿಷಯ. ನಿಮ್ಮ ಎರಡನೇ ಫೋಟೊ, ಅಡ್ಡ ತುಂಡಿನದ್ದು, ಇನ್ನೊಮ್ಮೆ ನೋಡಿ. ಅದರ ಕಣ್ಣು ಚೌಕವಲ್ಲ, ಜೇನುಗೂಡಿನ ಹಾಗೆ ಆರು ಮೂಲೆ. ಹೂ ನೇಯ್ದದ್ದಲ್ಲ, ಮೇಲಿಂದ ಹೊಲಿದದ್ದು. ಅಂದರೆ ನಿಮ್ಮ ಸೆಟ್ ಹುಟ್ಟಿನಿಂದ ಒಂದೇ ಸೆಟ್ ಅಲ್ಲ, ಯಾರೋ ಆಮೇಲೆ ಜೋಡಿಸಿದ್ದಾರೆ. ಬೇಜಾರಾಗಬೇಡಿ. ನನ್ನ ಮಟ್ಟಿಗೆ ಆ ಗಿಡ್ಡ ತುಂಡೇ ಹೆಚ್ಚು ಸ್ವಾರಸ್ಯದ್ದು. ಅದು ಪ್ಲಾವೆನ್‌ನ ಕೆಲಸದ ಥರ ಕಾಣುತ್ತದೆ.

ಪ್ಲಾವೆನ್‌ನ ಕತೆ ದೊಡ್ಡದು, ಚುಟುಕಾಗಿ ಹೇಳುತ್ತೇನೆ. ಮೊದಲ ಕಸೂತಿ ಯಂತ್ರ ಮಾಡಿದ್ದು ಫ್ರಾನ್ಸಿನ ಮ್ಯೂಲೂಸ್‌ನ ಜೋಸ್ವೆ ಹೈಲ್ಮನ್, 1828ರಲ್ಲಿ. ಎರಡೂ ತುದಿ ಚೂಪಾದ ಸೂಜಿಗಳು, ಕಣ್ಣು ನಡುವೆ. ಇಂಥ ನೂರಾರು ಸೂಜಿ ಒಟ್ಟಿಗೆ ಬಟ್ಟೆಯ ಆಚೆ ಈಚೆ ಹೋಗುತ್ತವೆ. ಯಂತ್ರದವನು ಆರು ಪಟ್ಟು ದೊಡ್ಡದು ಮಾಡಿದ ಚಿತ್ರದ ಗೆರೆಯ ಮೇಲೆ ಒಂದು ಮುಳ್ಳನ್ನು ಸರಿಸುತ್ತಾ ಹೋಗುತ್ತಾನೆ. ಎಲ್ಲ ಸೂಜಿಗಳೂ ಅದನ್ನೇ ಚಿಕ್ಕದಾಗಿ ನಕಲು ಮಾಡುತ್ತವೆ. ದಾರ ಸುಮಾರು ಒಂದು ಮೀಟರ್. ಮುಗಿದ ಕೂಡಲೇ ನೂರಾರು ಸೂಜಿಗೂ ಮತ್ತೆ ದಾರ ಪೋಣಿಸಬೇಕು. ಆ ಕೆಲಸ ಹೆಂಗಸರದ್ದು, ಮಕ್ಕಳದ್ದು. ಲೇಸಿನ ಅಂದ ಹೊಗಳುವಾಗ ದಾರ ಪೋಣಿಸಿ ದಣಿದ ಅವರ ಕಣ್ಣುಗಳನ್ನೂ ನೆನಪಿಡಬೇಕು. 1850ರ ದಶಕದ ಕೊನೆಗೆ ಈ ಯಂತ್ರ ಪ್ಲಾವೆನ್‌ಗೆ ಬಂತು. 1863ರಲ್ಲಿ ಸ್ವಿಟ್ಜರ್‌ಲೆಂಡಿನ ಇಸಾಕ್ ಗ್ರೋಬ್ಲಿ ಹೊಲಿಗೆ ಯಂತ್ರದ ಹಾಗೆ ಮುಂದೊಂದು, ಹಿಂದೊಂದು ದಾರ ಇರುವ ಯಂತ್ರ ಕಂಡುಹಿಡಿದ. ಹಿಂದಿನ ದಾರ ಹೊತ್ತ ಲಾಳಿ ಪುಟ್ಟ ದೋಣಿಯ ಹಾಗಿತ್ತು. ಅದಕ್ಕೇ ‘ಶಿಫ್ಲಿ’, ಅಂದರೆ ಪುಟ್ಟ ದೋಣಿ ಅಂತ ಹೆಸರು. 1880ರ ಸುಮಾರಿಗೆ ಪ್ಲಾವೆನ್‌ನ ಟಿಯೋಡೋರ್ ಬಿಕೆಲ್ ಆರು ಮೂಲೆಯ ಬಲೆಯ ಮೇಲೂ ಯಂತ್ರಕಸೂತಿ ಮಾಡಿ ತೋರಿಸಿದ. ಅಲ್ಲಿಂದ ಊರು ಓಡಿದ್ದೇ ಓಡಿದ್ದು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಪ್ಲಾವೆನ್ ಲೇಸಿಗೆ ದೊಡ್ಡ ಬಹುಮಾನ ಬಂತು. 1912ರಲ್ಲಿ ಊರಿನ ಜನಸಂಖ್ಯೆ 1,28,000 ದಾಟಿತು. ಆಮೇಲೆ ಫ್ಯಾಷನ್ ಬದಲಾಯಿತು, ಯುದ್ಧ ಬಂತು, ಹೊರದೇಶದ ಗಿರಾಕಿಗಳು ಹೋದರು. ಆ ಸಂಖ್ಯೆಗೆ ಊರು ಮತ್ತೆ ಮುಟ್ಟಲಿಲ್ಲ.

ನಿಮ್ಮ ತುಂಡನ್ನು ನೀವೇ ಪರೀಕ್ಷೆ ಮಾಡಬಹುದು. ಒಂದು ಸ್ಕೇಲ್ ತನ್ನಿ. ಶಿಫ್ಲಿ ಯಂತ್ರದಲ್ಲಿ ಸೂಜಿಯಿಂದ ಸೂಜಿಗೆ ಅಂತರ ಹಳೆಯ ಫ್ರೆಂಚ್ ಇಂಚು, ಅಂದರೆ ಸುಮಾರು 27 ಮಿಲಿಮೀಟರ್. ಹಾಗಾಗಿ ಒಂದು ಹೂವಿನ ನಡುವಿನಿಂದ ಮುಂದಿನ ಅದೇ ಹೂವಿನ ನಡುವಿಗೆ ಅಳೆದರೆ 27, 54, 81, 108, ಹೀಗೆ ಬರಬೇಕು. ಹಳೆ ಬಟ್ಟೆ ಕುಗ್ಗಿರುತ್ತದೆ, ಒಂದೆರಡು ಮಿಲಿಮೀಟರ್ ಆಚೀಚೆ ಬಿಡಿ. ಇನ್ನೊಂದು ಗುರುತು ತಪ್ಪುಗಳು. ಕೈಕಸೂತಿಯಲ್ಲಿ ಪ್ರತಿ ಹೂವಿನ ತಪ್ಪೂ ಬೇರೆ. ಯಂತ್ರದಲ್ಲಿ ಒಂದು ಎಸಳು ಸೊಟ್ಟಗಾದರೆ ಸಾಲಿನ ಎಲ್ಲ ಹೂವಿನಲ್ಲೂ ಅದೇ ಎಸಳು ಸೊಟ್ಟ.

ಇನ್ನು ಅಲಂಕಾರ ಕಿತ್ತೆಸೆದವರ ಬಗ್ಗೆ. ಅದು ಮುಂದಿನ ತಲೆಮಾರು, ಬೌಹೌಸ್ ಅನ್ನುವ ಜರ್ಮನ್ ವಿನ್ಯಾಸ ಶಾಲೆಯವರು. ಅವರೂ ಪರದೆ ಬಿಡಲಿಲ್ಲ, ಬಿಡಲು ಆಗುತ್ತಲೂ ಇರಲಿಲ್ಲ. 1926ರಲ್ಲಿ ಡೆಸ್ಸಾವ್‌ನಲ್ಲಿ ಗೋಡೆ ತುಂಬಾ ಗಾಜಿನ ಕಟ್ಟಡ ಕಟ್ಟಿದ ಮೇಲೆ ಬಿಸಿಲು ತಡೆಯಲು ಏನಾದರೂ ಬೇಕಲ್ವಾ? ಗುಂಟಾ ಸ್ಟೋಲ್ಜಲ್ ಕೈಕೆಳಗೆ ಅಲ್ಲಿನ ನೇಯ್ಗೆ ವಿಭಾಗ ಹೂವಿನ ಬದಲು ದಾರದ ಗುಣ ನೋಡತೊಡಗಿತು: ಬೆಳಕು ಎಷ್ಟು ಬಿಡುತ್ತದೆ, ಸದ್ದು ಎಷ್ಟು ಹೀರುತ್ತದೆ, ಧೂಳು ಹಿಡಿಯುತ್ತದಾ. ಬರ್ಲಿನ್ ಹತ್ತಿರದ ಬರ್ನಾವ್‌ನ ಕಾರ್ಮಿಕ ಸಂಘದ ಶಾಲೆಯ ಸಭಾಂಗಣದಲ್ಲಿ ಮಾತು ಪ್ರತಿಧ್ವನಿಸುತ್ತಿತ್ತು. ಅದಕ್ಕೆ ಬೌಹೌಸ್ ನೇಯ್ಗೆ ವಿಭಾಗದ ಆನಿ ಆಲ್ಬರ್ಸ್ ಒಂದು ಗೋಡೆ ಬಟ್ಟೆ ನೇಯ್ದರು. ಮುಂದೆ ಸೆಲೊಫೇನ್, ಬೆಳಕು ಚಿಮ್ಮಿಸಲು. ಹಿಂದೆ ಮೆತ್ತನೆಯ ದಾರ, ಸದ್ದು ಹೀರಲು. 1930ರಲ್ಲಿ ಅವರಿಗೆ ಡಿಪ್ಲೊಮಾ ಸಿಕ್ಕಿದ್ದು ಈ ಬಟ್ಟೆಗೆ. ಅವರ ಜೊತೆಯ ಓಟಿ ಬೆರ್ಗರ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬೆರಳಿನಲ್ಲೇ ಬಟ್ಟೆಯನ್ನು ಅಳೆಯುತ್ತಿದ್ದರು. ಕಾರ್ಖಾನೆಗೆ ಕೊಟ್ಟ ಬಟ್ಟೆಯಲ್ಲಿ ತನ್ನ ಹೆಸರಿರಲೇಬೇಕು ಅಂತ ಹಟ ಹಿಡಿದರು, ಪೇಟೆಂಟ್ ಕೂಡ ಪಡೆದರು. ನಿಮ್ಮ ಪರದೆಯ ನಕ್ಷೆಗಾರನಿಗೆ ಸಿಗದ ಹೆಸರು ಅವರಿಗೆ ಸಿಕ್ಕಿತು. ಯಹೂದಿ ಅನ್ನುವ ಕಾರಣಕ್ಕೆ 1936ರಲ್ಲಿ ನಾಜಿಗಳು ಅವರ ಕೆಲಸ ನಿಲ್ಲಿಸಿದರು. 1944ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು.

ಲೈಪ್‌ಜಿಗ್‌ನಲ್ಲೇ ಇದ್ದೀರಲ್ಲ, ಗ್ರಾಸ್ಸಿ ಮ್ಯೂಸಿಯಮ್ಮಿಗೆ ಹೋಗಿಬನ್ನಿ. ಆ ಕಾಲದ ವಸ್ತುಗಳು ಅಲ್ಲಿವೆ. ಮೆಟ್ಟಿಲ ಬಳಿಯ ಬಣ್ಣದ ಗಾಜಿನ ಕಿಟಕಿಗಳನ್ನೂ ನೋಡಿ. ಆನಿಯವರ ಗಂಡ ಯೋಸೆಫ್ ಆಲ್ಬರ್ಸ್ ಮಾಡಿದ ವಿನ್ಯಾಸ, ಯುದ್ಧದಲ್ಲಿ ಹಾಳಾಗಿತ್ತು, 2011ರಲ್ಲಿ ಮತ್ತೆ ಮಾಡಿಸಿದ್ದಾರೆ. ಬಿಡುವಾದರೆ ರೈಲು ಹತ್ತಿ ಪ್ಲಾವೆನ್‌ಗೂ ಹೋಗಿ. ಹಳೆ ಕಸೂತಿ ಯಂತ್ರಗಳನ್ನು ಓಡಿಸಿ ತೋರಿಸುವ ಜಾಗ ಅಲ್ಲಿದೆ. ಸದ್ದು ಕೇಳಿದರೇ ಅರ್ಧ ಅರ್ಥವಾಗುತ್ತದೆ.

ಒಗೆಯುವ ವಿಷಯ. ಮೊದಲು ನೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಿಸಿಲು ತಿಂದ ಹತ್ತಿ ದಾರ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಲಡ್ಡಾಗಿರುತ್ತದೆ. ಪಟ್ ಅಂತ ತುಂಡಾದರೆ ಒಗೆಯುವ ಆಸೆ ಬಿಡಿ, ಧೂಳು ತೆಗೆದು ಮಡಚಿಡಿ. ಗಟ್ಟಿಯಿದ್ದರೆ ಮೆಶ್ ಚೀಲದೊಳಗೆ ಹಾಕಿ ತಣ್ಣೀರಲ್ಲಿ ನೆನೆಸಿ, ನೀರು ಎರಡು ಮೂರು ಸಲ ಬದಲಿಸಿ. ವಾಷಿಂಗ್ ಮೆಷಿನ್ ಬೇಡ, ಹಿಂಡಬೇಡಿ, ಬ್ಲೀಚ್ ಅಂತೂ ಮುಟ್ಟಲೇಬೇಡಿ. ಕೆನೆ ಬಣ್ಣ ಕೊಳೆ ಅಂದುಕೊಳ್ಳಬೇಡಿ, ಆಗ ಬೇಕೆಂದೇ ಕೆನೆ ಬಣ್ಣದ ಗಂಜಿ ಹಾಕುತ್ತಿದ್ದರು. ಒಗೆದ ಮೇಲೆ ಬಟ್ಟೆ ಸೊರಗಿದ ಹಾಗೆ ಕಂಡರೆ ಗಾಬರಿಯಾಗಬೇಡಿ, ಗಂಜಿ ಹೋಗಿದೆ ಅಷ್ಟೇ. ಜರ್ಮನ್ ಗೃಹಿಣಿಯರು ಒದ್ದೆ ಪರದೆಯನ್ನು ಸುತ್ತಲೂ ಮೊಳೆ ಇರುವ ಮರದ ಚೌಕಟ್ಟಿಗೆ ಸಿಕ್ಕಿಸಿ ಒಣಗಿಸುತ್ತಿದ್ದರು. ನೀವು ದಪ್ಪ ಟವೆಲ್ ಮೇಲೆ ಹರಡಿ, ಚೌಕಗಳನ್ನು ಬೆರಳಿನಿಂದ ನೇರ ಮಾಡಿ ಬಿಡಿ. ಎರಡು ಉದ್ದದ ತುಂಡು, ಅಡ್ಡ ತುಂಡು ಬೇರೆ ಬೇರೆಯಾಗಿಯೇ ಒಗೆಯಿರಿ. ದಾರ ಬೇರೆ, ಬಲೆ ಬೇರೆ, ಕುಗ್ಗುವುದೂ ಬೇರೆ ಬೇರೆ. ಮತ್ತೆ, ಅಡ್ಡ ತುಂಡನ್ನು ನೀರಿಗೆ ಹಾಕುವ ಮೊದಲೇ ಸ್ಕೇಲ್ ಹಿಡಿದು ಅಳೆದುಬಿಡಿ. ಎಷ್ಟು ಬಂತು ಅಂತ ನನಗೂ ಒಂದು ಸಾಲು ಬರೆಯಿರಿ.